ಅಕ್ಕನಿಗೆ ಬರಬೇಕಿದ್ದ ಕಾರ್ಡು

ಟೀಚರಮ್ಮನ ಮುಖ ಕಂಡರೆ ಪ್ರೆಸ್ಸಿನ ಕಟಿಂಗ್ ಮೇಸ್ತ್ರಿಗೆ ಇವತ್ತಿಗೂ ಮೈ ಉರಿಯುತ್ತದೆ. ಬೀದಿಯ ತುದಿಯಲ್ಲಿ ಆಕೆಯ ಕೊಡೆ ಕಾಣಿಸಿತೆಂದರೆ ಸಾಕು, ಈ ಮನುಷ್ಯ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಇನ್ನೊಂದು ಓಣಿ ಹಿಡಿಯುತ್ತಾನೆ. ತರಕಾರಿ ಗಾಡಿಯ ಹತ್ತಿರ ಆಕೆ ನಿಂತಿದ್ದರೆ ಖಾಲಿ ಚೀಲ ಹಿಡಿದುಕೊಂಡು ಮನೆಗೆ ವಾಪಸ್ಸು ಬರುತ್ತಾನೆ.

"ಬದನೆಕಾಯಿ ಎಲ್ಲಿ?" ಎಂದು ಹೆಂಡತಿ ಕೇಳುತ್ತಾಳೆ.

"ಎಲ್ಲಾ ಹುಳ."

"ಹುಳ ಬದನೆಕಾಯಲ್ಲಿ ಇತ್ತೋ, ನಿಮ್ಮ ತಲೇಲಿ ಇತ್ತೋ? ಟೀಚರಮ್ಮ ಈಗಷ್ಟೇ ಅದೇ ಗಾಡೀಲಿ ತಗೊಂಡು ಹೋದ್ರು, ಫಳಫಳ ಅಂತಿತ್ತು."

"ಆಯಮ್ಮನ ಸುದ್ದಿ ಎತ್ಬೇಡ."

"ಅಂಥಾದ್ದು ಏನ್ರೀ ಮಾಡಿದ್ರು ಆಕೆ ನಿಮಗೆ?"

ಅದಕ್ಕೆ ಅವನದು ಒಂದೇ ಉತ್ತರ. "ಅಕ್ಕನ ಕಾರ್ಡು." ಅಷ್ಟು ಹೇಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲು ಸೇರಿಬಿಡುತ್ತಾನೆ. ಒಳಗಿನಿಂದ ಚೊಂಬಿನ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸುತ್ತದೆ. ಮುಂದಿನದನ್ನು ಅವನಾಗಿ ಯಾರಿಗೂ ಹೇಳಿದವನಲ್ಲ.

ಮೇಸ್ತ್ರಿ ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಗೋಡೆ ಹಾರಿದ್ದೇ ಹೆಚ್ಚು. ಅಪ್ಪ ಹೋದ ಹಿಂದೆಯೇ ಅಮ್ಮನೂ ಹೋದಳು. ಮದುವೆಗೆ ಬಂದಿದ್ದ ಅಕ್ಕ ಬಂದ ಗಂಡುಗಳಿಗೆಲ್ಲ ನೀರು ಕೊಟ್ಟು ಕಳಿಸಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಮಡಚುವ ಕೆಲಸಕ್ಕೆ ಸೇರಿದಳು. ತಮ್ಮನನ್ನು ಕಾಗದದ ರೀಮುಗಳ ಸಂದಿಯಲ್ಲಿ ಮಲಗಿಸಿ ಎದುರಿಗೆ ಕೂತು ಪುಸ್ತಕದ ಹಾಳೆಗಳನ್ನು ಮಡಚುತ್ತಿದ್ದಳು. ಮಸಿಯ ವಾಸನೆಯಲ್ಲೇ ಬೆಳೆದ ಹುಡುಗ ಮೊದಲು ಅಲ್ಲೇ ಕಸ ಗುಡಿಸಿದ, ಆಮೇಲೆ ಬಂಡಲು ಹೊತ್ತ, ಕೊನೆಗೆ ಕಟಿಂಗ್ ಮಿಷಿನ್ನಿನ ಮುಂದೆ ನಿಂತ. ಇಂದಿಗೂ ಅಲ್ಲೇ ನಿಂತಿದ್ದಾನೆ, ಸೊಂಟ ಮಾತ್ರ ಮೊದಲಿನಂತೆ ನಿಲ್ಲುವುದಿಲ್ಲ.

ಕಟಿಂಗ್‌ನವನ ಯೋಗ್ಯತೆ ತಿಳಿಯಬೇಕಾದರೆ ಸರ್ಟಿಫಿಕೇಟ್ ಕೇಳಬಾರದು, ಬೆರಳು ಎಣಿಸಬೇಕು ಎನ್ನುವುದು ಪ್ರೆಸ್ಸಿನ ಹಳೆಯ ತಮಾಷೆ. ಮೇಸ್ತ್ರಿಗೆ ಹತ್ತೂ ಇವೆ. ಕೋಪ ಮೂಗಿನ ತುದಿಯಲ್ಲೇ ಕೂತಿರುವ ಮನುಷ್ಯನಿಗೆ ಹತ್ತೂ ಬೆರಳು ಉಳಿದದ್ದು ಹೇಗೆಂದು ಎಲ್ಲರಿಗೂ ಆಶ್ಚರ್ಯ. ವಿಷಯ ಇಷ್ಟೇ: ಬ್ಲೇಡಿನ ಮುಂದೆ ಅವನಿಗೆ ಕೋಪ ಬರುವುದಿಲ್ಲ. ಮಿಷಿನ್ ಆಫ್ ಆದ ತಕ್ಷಣ ಅವನು ಆನ್ ಆಗುತ್ತಾನೆ. ಸಂಜೆ ಮನೆಗೆ ಬರುವಷ್ಟರಲ್ಲಿ ಗಂಟಲಲ್ಲಿ ಕಾಗದದ ಧೂಳು, ಕಿವಿಯಲ್ಲಿ ಮಿಷಿನ್ನಿನ ಗುಂಯ್‌ಗುಟ್ಟುವಿಕೆ, ತಲೆಯಲ್ಲಿ ಯಾರದೋ ಮೇಲಿನ ಸಿಟ್ಟು. ಹೆಂಡತಿ ಕಾಫಿ ಲೋಟವನ್ನು ದೂರದಿಂದಲೇ ತಳ್ಳಿ ಒಳಗೆ ಹೋಗುತ್ತಾಳೆ, ನಾಯಿಗೆ ಅನ್ನ ಹಾಕಿದ ಹಾಗೆ. ಅವಳೇ ಆ ಮಾತನ್ನು ನಗುತ್ತಾ ಹೇಳುವುದುಂಟು.

ಪ್ರೆಸ್ಸಿಗೆ ಮಡಚುವ ಮಿಷಿನ್ ಬಂದ ವರ್ಷ ಅಕ್ಕ ಮನೆಗೆ ಬಂದಳು. ಮಾಲೀಕರು ಶಾಲು ಹೊದಿಸಿ, ಗಡಿಯಾರ ಕೊಟ್ಟು ಕಳಿಸಿದರು. ಜೀವಮಾನವಿಡೀ ಮಡಚಿದ ಕೈ ಸುಮ್ಮನೆ ಕೂರುವುದೆಂದರೇನು? ಒಗೆದ ಬಟ್ಟೆ ಮಡಚಿದಳು, ಹಳೆಯ ಪೇಪರು ಮಡಚಿದಳು, ಅಂಗಡಿಯ ಪೊಟ್ಟಣ ಬಿಚ್ಚಿದ ಕಾಗದವನ್ನೂ ಬಿಡಲಿಲ್ಲ.

"ರೀ, ನಿಮ್ಮಕ್ಕನಿಗೆ ಏನಾದ್ರೂ ಕೆಲಸ ಕೊಡ್ಸಿ," ಎಂದಳು ಹೆಂಡತಿ. "ನನ್ನ ಸೀರೇನ ಮಡಚಿ ಮಡಚಿ ಕರ್ಚೀಫು ಮಾಡಿಟ್ಟಿದಾರೆ."

ಆಗ ಮೇಸ್ತ್ರಿ ಪ್ರೆಸ್ಸಿನಿಂದ ಕಟಿಂಗ್ ಚೂರುಗಳನ್ನು ತರತೊಡಗಿದ. ಆಹ್ವಾನ ಪತ್ರಿಕೆಯ ದಪ್ಪ ಕಾಗದ, ಅಂಚು ಕತ್ತರಿಸಿ ಉಳಿದದ್ದು, ಹೇಗೂ ರದ್ದಿಗೆ ಹೋಗುವಂಥದ್ದು. ಅಕ್ಕ ಅದನ್ನು ಎರಡು ಮಾಡಿ ಮಡಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿಕೊಂಡು ಅದರಿಂದ ಮಡಿಕೆ ಎಳೆದು, ಮೈದಾ ಅಂಟು ಕುದಿಸಿ, ಬಣ್ಣದ ಚೂರುಗಳನ್ನು ಅಂಟಿಸಿ ಮೊದಲ ಕಾರ್ಡು ಮಾಡಿದಳು. ಅದು ಹೋದದ್ದು ಪಕ್ಕದ ಮನೆಯ ನರ್ಸಮ್ಮನ ತಾಯಿಗೆ. ಮುದುಕಿ ಕಾಲು ಮುರಿದುಕೊಂಡು ಮಲಗಿದ್ದಳು. ಕಾರ್ಡು ನೋಡಿ ಮುದುಕಿ ಅತ್ತಳಂತೆ. ಮಾರನೆಯ ದಿನ ನರ್ಸಮ್ಮ ಬಂದು, "ಅಕ್ಕಾ, ನಂಗೂ ಹೇಳ್ಕೊಡಿ," ಎಂದು ನೆಲದ ಮೇಲೆ ಕೂತಳು.

ಹಾಗೆ ಶುರುವಾದದ್ದು ಅಕ್ಕನ ಮೇಜು. ಮೇಜೆಂದರೆ ಮೇಜಲ್ಲ, ಹಳೆಯ ಬಾಗಿಲೊಂದನ್ನು ಎರಡು ಟ್ರಂಕಿನ ಮೇಲೆ ಇಟ್ಟದ್ದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹೆಂಗಸರು ಬಂದು ಸುತ್ತ ಕೂರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ನರ್ಸಮ್ಮ, ಮಡಿಲಲ್ಲಿ ಬಟ್ಟೆಯ ತುಂಡು ಕಟ್ಟಿಕೊಂಡು ಟೈಲರಮ್ಮ, ರಿಟೈರಾಗಿ ಮನೆಯಲ್ಲಿ ಒಬ್ಬರೇ ಇದ್ದ ಟೀಚರಮ್ಮ. ಇನ್ನೂ ಕೆಲವರು ಬಂದು ಹೋಗುವವರು ಇದ್ದರು, ಆದರೆ ಮೇಜು ನಿಂತದ್ದು ಈ ಮೂವರ ಮೇಲೆ.

ಅಕ್ಕನದು ಒಂದು ಪದ್ಧತಿ. ಯಾರೂ ಒಂದು ಕಾರ್ಡನ್ನು ಪೂರ್ತಿ ಮಾಡಬಾರದು. ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಅಂಟಿಸಬೇಕು, ಮತ್ತೊಬ್ಬರು ಒಳಗೆ ಒಂದೇ ಒಂದು ಸಾಲು ಬರೆಯಬೇಕು. ಹೆಸರು ಹಾಕುವಂತಿಲ್ಲ. ಪ್ರೆಸ್ಸಿನಲ್ಲಿ ಪುಸ್ತಕ ಹಾಗೇ ತಾನೆ ಕೈಯಿಂದ ಕೈಗೆ ಹೋಗುತ್ತಿದ್ದದ್ದು! "ಒಬ್ಬರೇ ಮಾಡಿದ್ರೆ ಅದು ಅವರ ದೊಡ್ಡಸ್ತಿಕೆ ಆಗುತ್ತೆ," ಎನ್ನುತ್ತಿದ್ದಳು. "ನಾಲ್ಕು ಕೈ ದಾಟಿ ಬಂದ್ರೆ, ತಗೊಂಡೋರಿಗೆ ನಾಲ್ಕು ಜನ ಬಂದು ಹೋದ ಹಾಗಿರುತ್ತೆ." ಓಣಿಯಲ್ಲಿ ಯಾರೇ ಹಾಸಿಗೆ ಹಿಡಿಯಲಿ, ವಾರ ತಿರುಗುವುದರೊಳಗೆ ಅವರ ತಲೆದೆಸೆಗೆ ಮೇಜಿನ ಕಾರ್ಡು ಬರಬೇಕು. ಪರಿಚಯ ಇರಲಿ, ಜಗಳ ಇರಲಿ. ತಪ್ಪಿದ್ದಿಲ್ಲ.

ಕಲಿಸುವಾಗ ಅಕ್ಕ ಮಾತಾಡುತ್ತಿದ್ದದ್ದು ಕಡಿಮೆ. ಮುಗಿದ ಕೆಲಸವನ್ನು ಕೈಗೆ ತಗೊಂಡು ಮಡಿಕೆಯ ಮೇಲೆ ಹೆಬ್ಬೆರಳು ಎಳೆದು, "ಹೂಂ" ಎನ್ನುತ್ತಿದ್ದಳು. ಸರಿಯಿಲ್ಲದಿದ್ದರೆ "ಹೂಂ?" ಅಷ್ಟೇ. ಬೈಗುಳವಿಲ್ಲ, ಬೋಧನೆಯಿಲ್ಲ. ಆದರೆ ಆ ಎರಡನೆಯ "ಹೂಂ?" ಕೇಳಿದವರು ಆ ರಾತ್ರಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಟೈಲರಮ್ಮನ ಮಾತು ಕೇಳಿ: "ನಮ್ಮತ್ತೆ ಸೌಟು ತಗೊಂಡು ಹೊಡೆದಾಗ್ಲೂ ನಾನು ಹಿಂಗೆ ನಡುಗಿರ್ಲಿಲ್ಲ."

ಇಂಥ ಅಕ್ಕನ ಕೈಯಿಂದ ಒಂದು ಬೆಳಿಗ್ಗೆ ಲೋಟ ಜಾರಿತು. ಜಾರಿದ ಲೋಟವನ್ನು ಎತ್ತಲು ಬಗ್ಗಿದವಳು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಗೈ ಅವಳದಾಗಿರಲಿಲ್ಲ. ಹಾಸಿಗೆಯ ಮೇಲೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು. ಡಾಕ್ಟರು, "ಬರುತ್ತೆ, ನಿಧಾನಕ್ಕೆ ಬರುತ್ತೆ, ಮನಸ್ಸು ಗಟ್ಟಿ ಇರ್ಲಿ," ಎಂದರು.

ಹೆಂಗಸರೆಲ್ಲ ಬಂದರು. ನರ್ಸಮ್ಮ ದಿನಾ ಬಂದು ಕೈ ತಿಕ್ಕಿದಳು. ಟೈಲರಮ್ಮ ಫ್ಲಾಸ್ಕಿನಲ್ಲಿ ಹಾಲು ತಂದಳು. ಟೀಚರಮ್ಮ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳಿದರು. ಅಕ್ಕ ಎಲ್ಲರಿಗೂ ಅರೆನಗು ನಕ್ಕಳು. ಆದರೆ ಬಾಗಿಲು ಸದ್ದಾದಾಗ ಅವಳ ಕಣ್ಣು ಬಂದವರ ಮುಖಕ್ಕೆ ಹೋಗುತ್ತಿರಲಿಲ್ಲ, ಕೈಗೆ ಹೋಗುತ್ತಿತ್ತು. ಮೇಸ್ತ್ರಿ ಇದನ್ನು ನೋಡಿದ. ಅವನಿಗೆ ಅರ್ಥವಾಗಲಿಲ್ಲ.

"ಏನು ನೋಡ್ತಾಳೆ ಅವಳು? ಹಣ್ಣು ತಂದ್ರಾ ಅಂತಾನಾ?"

"ನಿಮಗೆ ಕಾಗದ ಕತ್ತರಿಸೋದು ಬಿಟ್ರೆ ಇನ್ನೇನು ಗೊತ್ತಾಗುತ್ತೆ?" ಎಂದು ಹೆಂಡತಿ ದನಿ ತಗ್ಗಿಸಿದಳು. "ಅತ್ತಿಗೆ ಕಾರ್ಡಿಗೆ ಕಾಯ್ತಿದಾರೆ ಕಣ್ರೀ. ಮೊನ್ನೆ ತಲೆದೆಸೇಲಿರೋ ಗೂಡಿಂದ ಔಷಧಿ ಬಾಟ್ಲಿ ಎಲ್ಲಾ ತೆಗೆಸಿ ಕೆಳಗಿಡ್ಸಿದ್ರು. ಯಾಕೆ ಅಂದ್ರೆ, ಸುಮ್ನೆ ಅಂದ್ರು. ಒದ್ದೆ ಬಟ್ಟೇಲಿ ಒರೆಸೂ ಒರೆಸಿದೀನಿ."

ಮೇಸ್ತ್ರಿ ಕೋಣೆಯೊಳಗೆ ಇಣುಕಿದ. ಗೋಡೆಯ ಗೂಡು ಖಾಲಿಯಾಗಿ, ತೊಳೆದ ತಟ್ಟೆಯಂತೆ ಕಾಯುತ್ತಿತ್ತು. ವಾರ ತಿರುಗಿ ಎಷ್ಟೋ ದಿನ ಆಗಿತ್ತು. ಓಣಿಯ ಕುಡುಕನಿಗೂ ಬಂದ ಕಾರ್ಡು, ಬಾಡಿಗೆಗೆ ಬಂದು ಮೂರೇ ತಿಂಗಳಿಗೆ ಹೋದವರಿಗೂ ಬಂದ ಕಾರ್ಡು, ಮೇಜು ಹಾಕಿದವಳಿಗೇ ಬಂದಿರಲಿಲ್ಲ. ಅವನಿಗೆ ನೆತ್ತಿಗೇರಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಟ.

"ಜಗಳ ಮಾಡ್ಬೇಡಿ!" ಎಂದು ಹೆಂಡತಿ ಕೂಗಿದ್ದು ಕೇಳಿಸಿತು. ಕೇಳಿಸಿದ್ದಕ್ಕೇ ಇನ್ನಷ್ಟು ಜೋರಾಗಿ ನಡೆದ.

ನರ್ಸಮ್ಮ ಕಣ್ಣುಜ್ಜಿಕೊಂಡು ಬಾಗಿಲು ತೆಗೆದಳು.

"ಕಾರ್ಡೆಲ್ಲಿ?"

"ಯಾವ್... ಅಯ್ಯೋ ಮೇಸ್ತ್ರಿಗಳೇ, ನಾನು ಎಂದೋ ಕತ್ತರಿಸಿ ಕೊಟ್ಟೆ. ಕಿಟಕಿ ಮಾಡಿದೀವಿ. ಕಾರ್ಡು ಬಿಚ್ಚಿದ್ರೆ ಎರಡು ಬಾಗಿಲೂ ತೆರಕೊಳ್ಳೋ ಥರ. ಟೈಲರಮ್ಮನ ಹತ್ರ ಇದೆ." ಆಮೇಲೆ ದನಿ ಸಣ್ಣದಾಯಿತು. "ಮೊದಲ್ನೇದು ಸರಿಯಾಗಿರ್ಲಿಲ್ಲ, ಹರಿದು ಹಾಕ್ದೆ. ಎರಡನೇದೂ. ಬೇರೆಯೋರಿಗೆ ಆಗಿದ್ರೆ ನಡೀತಿತ್ತು. ಇದು ಅಕ್ಕನ ಕೈಗೆ ಹೋಗೋದಲ್ವಾ?"

"ಅವಳಿಗೆ ಕೈಯೇ ಇಲ್ಲ ಈಗ!"

"ಕಣ್ಣಿದೆಯಲ್ಲ," ಎಂದಳು ನರ್ಸಮ್ಮ.

ಟೈಲರಮ್ಮನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೇಸ್ತ್ರಿಗೆ ಅದೇನೂ ಅಡ್ಡಿಯಾಗಲಿಲ್ಲ. ಅವನ ಗಂಟಲು ಕೇಳಿ ಎದುರು ಅಂಗಡಿಯ ಸೈಕಲ್ ರಿಪೇರಿಯವನು ಪಂಪು ಕೆಳಗಿಟ್ಟು ನಿಂತ.

"ಕೂಗ್ಬೇಡಣ್ಣ, ಕೂಗ್ಬೇಡ. ಪರದೆ ಹೊಲೀಬೇಕಿತ್ತು ಕಿಟಕಿಗೆ. ಬೆರಳುದ್ದ ಪರದೆ. ಮಿಷಿನ್ನಲ್ಲಿ ಹೊಲಿದೆ, ಒರಟಾಗಿ ಕಾಣ್ತು, ಬಿಚ್ಚಿದೆ. ಕೈಲಿ ಹೊಲಿದೆ, ನೆರಿಗೆ ಸಮ ಬರ್ಲಿಲ್ಲ, ಬಿಚ್ಚಿದೆ. ಬಿಚ್ಚಿ ಬಿಚ್ಚಿ ಕಾಗದ ತೂತಾಗಿ, ನರ್ಸಮ್ಮನ ಹತ್ರ ಹೋಗಿ ಇನ್ನೊಂದು ಕತ್ತರಿಸ್ಕೊಂಡು ಬಂದೆ."

"ಬೇರೆ ಕೆಲಸ ಇಲ್ವಾ ನಿಮಗೆಲ್ಲ? ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ತಾ ಕೂತಿದೀರಾ! ಅಲ್ಲಿ ಅವಳು ಬಾಗಿಲು ನೋಡ್ತಾ ಮಲಗಿದಾಳೆ!"

"'ಹೂಂ?' ಅಂದ್ರೆ ಏನ್ ಮಾಡ್ಲಣ್ಣ?" ಟೈಲರಮ್ಮನ ಕಣ್ಣಲ್ಲಿ ನೀರು ಬಂತು. "ಮಲಗಿರೋ ಹೆಂಗಸು ನನ್ನ ಕೆಲಸ ನೋಡಿ 'ಹೂಂ?' ಅಂದ್ರೆ ನಾನು ಎಲ್ಲಿಗೆ ಹೋಗ್ಲಿ? ಈಗ ಮುಗಿದಿದೆ. ಟೀಚರಮ್ಮನಿಗೆ ಕೊಟ್ಟೆ. ಸಾಲು ಬರೆಯೋದೊಂದೇ ಬಾಕಿ."

ಟೀಚರಮ್ಮನದು ಮಹಡಿಯ ಮೇಲಿನ ಒಂಟಿ ಕೋಣೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮೇಸ್ತ್ರಿಯ ಉಸಿರು ಸಿಟ್ಟಿಗಿಂತ ಮುಂದೆ ಓಡುತ್ತಿತ್ತು. ಒಳಗೆ ಕಿಟಕಿಯ ಪಕ್ಕದ ಸಣ್ಣ ಮೇಜಿನ ಮೇಲೆ ಕಾರ್ಡು ಇತ್ತು. ಅದರ ಸುತ್ತ ಕ್ಯಾಲೆಂಡರಿನ ಹಿಂಬದಿಯ ಹಾಳೆಗಳು; ಅವುಗಳ ತುಂಬ ಬರೆದು ಹೊಡೆದುಹಾಕಿದ ಸಾಲುಗಳು. ಟೀಚರಮ್ಮ ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಬನ್ನಿ ಮೇಸ್ತ್ರಿ. ಪರದೆ ಕಿತ್ತು ಬಂದಿತ್ತು, ಈಗ ಮತ್ತೆ ಅಂಟು ಹಾಕ್ದೆ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು ನಿಮಗೆ? 'ಬೇಗ ಹುಷಾರಾಗಿ' ಅಂತ ಬರೀರಿ, ಮುಗೀತು!"

"ಅದನ್ನ ಎಲ್ಲರೂ ಬರೀತಾರೆ."

"ಎಲ್ಲರೂ ಬರೆಯೋದು ಅದು ಸರಿ ಇರೋದಕ್ಕೇ!"

"ನಿಮ್ಮಕ್ಕ ನನ್ನನ್ನ ಮೇಜಿಗೆ ಕರೆದಾಗ, ನಾನು ಯಾರ ಜೊತೆಗೂ ಮಾತಾಡ್ತಿರ್ಲಿಲ್ಲ ಮೇಸ್ತ್ರಿ. ನಮ್ಮ ಯಜಮಾನರು ಹೋದ ವರ್ಷ ಅದು. ಕೈಗೆ ಒಂದು ಕತ್ತರಿ ಕೊಟ್ರು ಅಷ್ಟೇ, ಏನೂ ಕೇಳಲಿಲ್ಲ. ಅದಕ್ಕೆಲ್ಲ ಒಂದು ಸಾಲಲ್ಲಿ ಏನು ಬರೀಲಿ? ನೀವೇ ಹೇಳಿ."

ಆಕೆ ನಿಜವಾಗಿಯೂ ಕೇಳಿದರು. ಮೇಸ್ತ್ರಿಗೆ, ಉತ್ತರ ಹೊಳೆಯದಾಗ ಬರುವ ಕೋಪ ಬಂತು.

"ಇಲ್ಲಿ ಕೊಡಿ! ನಾನೇ ಬರೀತೀನಿ. ನಿಮ್ಮನ್ನ ನಂಬಿದ್ರೆ ಅವಳ ತಿಥಿಗೆ ಬರುತ್ತೆ ಈ ಕಾರ್ಡು!"

ಕಾರ್ಡನ್ನು ಕಸಿದುಕೊಂಡ. ಟೀಚರಮ್ಮನ ಮುಖ ಬಿಳುಚಿಕೊಂಡಿತು. ಆದರೂ ಅವನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅಂದದ್ದು ಇಷ್ಟೇ: "ಹುಷಾರು, ಅಂಟು ಹಸಿ ಇದೆ."

ಅಲ್ಲಿಂದ ನೆಟ್ಟಗೆ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೀದಿಯ ಬೆಳಕಿನಲ್ಲಿ ಕಾರ್ಡನ್ನು ಒಮ್ಮೆ ನೋಡಿದ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಿಟಕಿಯ ಎರಡು ಬಾಗಿಲು, ಒಳಗೆ ನೀಲಿ ಪರದೆ, ಪರದೆಯ ಸಂದಿಯಲ್ಲಿ ಹಳದಿ ಕಾಗದದ ಬಿಸಿಲು. ಆದರೆ ಬಲಗಡೆಯ ಅಂಚು ಓರೆ. ಕೂದಲೆಳೆಯಷ್ಟು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅಂಚು ನೋಡಿಯೇ ಕೂದಲು ಬೆಳ್ಳಗಾದವನ ಕಣ್ಣಿಗೆ ಮಾತ್ರ ಅದು ಬಾಯಲ್ಲಿ ಸಿಕ್ಕ ಕಲ್ಲಿನಂತಾಯಿತು. ಅಕ್ಕ ಇದನ್ನು ಎಡಗೈಯಲ್ಲಿ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಎಳೆದು... ಕಟಿಂಗ್‌ನವನ ಕೈಯಿಂದ ಹೋಗುವ ಕಾರ್ಡಿನ ಅಂಚು ಓರೆಯೆ?

ಪ್ರೆಸ್ಸು ದಾರಿಯಲ್ಲೇ ಇತ್ತು. ಬ್ಲೇಡಿನ ಒಂದು ಏಟು, ಅಷ್ಟೇ.

ಎರಡು ರದ್ದಿ ರಟ್ಟುಗಳ ನಡುವೆ ಕಾರ್ಡನ್ನು ಇಟ್ಟು ಮಿಷಿನ್ನಿಗೆ ಕೊಟ್ಟ. ಕ್ಲಾಂಪು ಇಳಿದು ಒತ್ತಿತು. ಖಟ್. ತೆಗೆದು ನೋಡಿದ. ಒತ್ತಿದ ಭಾರಕ್ಕೆ ಹಸಿ ಅಂಟು ಹಿಸುಕಿ, ಪರದೆ ಜಾರಿ, ಕಾರ್ಡು ಒಳಗೇ ಸೊಟ್ಟಗಾಗಿತ್ತು. ಏಟು ಮೊದಲಿಗಿಂತ ಓರೆಯಾಗಿ ಬಿದ್ದಿತ್ತು. ಹಸಿ ಅಂಟಿನ ಕೆಲಸವನ್ನು ಕ್ಲಾಂಪಿಗೆ ಕೊಡಬಾರದೆಂದು ಹೊಸದಾಗಿ ಸೇರಿದವರಿಗೆ ಬೈದು ಬೈದು ಕಲಿಸಿದವನು ಇದೇ ಮೇಸ್ತ್ರಿ. ಎಡಗಡೆ ಸಮ ಮಾಡಲು ಇನ್ನೊಂದು ಏಟು ಕೊಟ್ಟ. ಈಗ ಮೇಲ್ಗಡೆ ಉದ್ದ ಅನ್ನಿಸಿತು. ಮೇಲ್ಗಡೆ ತೆಗೆದ. ಕೆಳಗಡೆ ತೆಗೆದ. ಬ್ಲೇಡಿನ ಮುಂದೆ ಎಂದೂ ಬಾರದ ಕೋಪ ಅವತ್ತು ಬಂದಿತ್ತು. ಬೆರಳು ಉಳಿದದ್ದೇ ಪುಣ್ಯ. ಖಟ್, ಖಟ್. ಕೊನೆಗೆ ಕೈ ನಿಲ್ಲಿಸಿದಾಗ ಅಂಚು ನಾಲ್ಕೂ ನೂಲು ಹಿಡಿದಂತೆ ನೇರವಾಗಿದ್ದವು. ಕಾರ್ಡು ಬೆಂಕಿಪೊಟ್ಟಣದಷ್ಟಿತ್ತು. ಕಿಟಕಿಯ ಒಂದು ಬಾಗಿಲು ಪೂರ್ತಿ ಹೋಗಿ, ಇನ್ನೊಂದು ಅರ್ಧ ಉಳಿದಿತ್ತು. ನೀಲಿ ಪರದೆಯ ಹೊಲಿಗೆ ಬಿಚ್ಚಿಕೊಂಡು ದಾರ ಇಳಿಬಿದ್ದಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಮೇಸ್ತ್ರಿ ರೀಮಿನ ಮೇಲೆ ಕೂತ. ಅಕ್ಕ ಅವನನ್ನು ಮಲಗಿಸುತ್ತಿದ್ದ ಗೋಡೆಯ ಪಕ್ಕದ್ದೇ ಆ ಜಾಗ. ಬಹಳ ಹೊತ್ತು ಕೂತು, ಆ ಚೂರನ್ನು ಸ್ಕ್ರೂ, ನಟ್ಟು ಇಡುವ ತಗಡಿನ ಡಬ್ಬಿಗೆ ಹಾಕಿ ಮನೆಗೆ ಬಂದ.

"ಸಿಕ್ತಾ?" ಎಂದಳು ಹೆಂಡತಿ.

"ಆಯಮ್ಮ ಇನ್ನೂ ಬರೀತಿದಾಳೆ," ಎಂದ. ಬಾಯಿಂದ ಅದು ತಾನಾಗಿಯೇ ಬಂತು.

ನಾಳೆ ಹೋಗಿ ಇನ್ನೊಂದು ಮಾಡಿ ಎನ್ನೋಣ ಎಂದುಕೊಂಡ. ಆದರೆ ಯಾವ ಮುಖ ಹೊತ್ತು? ಅಂಗಡಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕಿರುಚಿದವನು, ತಿಥಿಯ ಮಾತಾಡಿದವನು. ನಾಳೆ ನಾಡಿದ್ದಾಯಿತು. ಪ್ರೆಸ್ಸಿನಲ್ಲಿ ಕೆಲಸದ ಹೊರೆ ಬಿತ್ತು. ದಿನಾ ದಣಿದು ಬಂದು ಮಲಗಿದ. ದಣಿವೂ ಒಂದು ನೆಪವಾಗುತ್ತದೆ, ನಿಜವಾದ ದಣಿವಾದರಂತೂ ಇನ್ನೂ ಒಳ್ಳೆಯ ನೆಪ.

ಅಷ್ಟರಲ್ಲಿ ಅಕ್ಕ ಸುಧಾರಿಸಿಕೊಂಡಳು. ಮೊದಲು ಎದ್ದು ಕೂತಳು, ಆಮೇಲೆ ಗೋಡೆ ಹಿಡಿದು ನಡೆದಳು. ಬಲಗೈ ಅರ್ಧಕ್ಕರ್ಧ ಬಂತು. ಕಾಗದವನ್ನು ಒತ್ತಿ ಹಿಡಿಯುವಷ್ಟು, ಮಡಚುವಷ್ಟಲ್ಲ. ಮಾತೂ ತಿಳಿಯಾಯಿತು. ಒಂದು ಭಾನುವಾರ ಮೇಸ್ತ್ರಿ ಅವಳ ಉಗುರು ತೆಗೆಯುತ್ತಿದ್ದಾಗ ಕೇಳಿದಳು:

"ಯಾರ ಹತ್ರ ನಿಂತಿದೆಯೋ ಅದು?"

"ಯಾವುದು?"

"ಕಳ್ಳನ ಹಾಗೆ ಆಡ್ಬೇಡ. ಕಾರ್ಡು."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಬಂತು. "ಟೀಚರಮ್ಮನ ಹತ್ರ," ಎಂದ.

"ಹೂಂ?"

ಜೀವಮಾನದಲ್ಲಿ ಮೊದಲ ಸಲ ಆ ಎರಡನೆಯ ಹೂಂ ಅವನ ಮೇಲೆ ಬಿದ್ದಿತು. ಟೈಲರಮ್ಮ ನಡುಗುತ್ತಿದ್ದದ್ದು ಯಾಕೆಂದು ಗೊತ್ತಾಯಿತು.

"ಟೀಚರಮ್ಮನ ಹತ್ರಾನೇ ಅಕ್ಕ. ಒಂದು ಸಾಲು ಬರೆಯೋಕೆ ಆಗ್ದೆ ಕೂತಿದಾಳೆ. ಓದಿದೋರ ಹಣೆಬರಹ."

"ಹೂಂ," ಎಂದಳು ಅಕ್ಕ. ಸ್ವಲ್ಪ ಹೊತ್ತು ಉಗುರು ನೋಡಿಕೊಂಡಳು. "ಪಾಪ. ಅವರು ಹಾಗೇ. ನಾಳೆ ಬರ್ತಾ ಒಂದಿಷ್ಟು ಚೂರು ತಗೊಂಡ್ ಬಾ."

ತಂದುಕೊಟ್ಟ. ಅಕ್ಕ ಬಲಗೈಯ ಮುಷ್ಟಿಯಿಂದ ಕಾಗದ ಒತ್ತಿ ಹಿಡಿದು, ಎಡಗೈಯಲ್ಲಿ ಬ್ರಷ್ಷಿನ ಹಿಡಿ ಎಳೆದಳು. ಜಾರಿತು. ಮತ್ತೆ ಎಳೆದಳು. ಹೆಂಡತಿ ಸಹಾಯಕ್ಕೆ ಹೋದರೆ, "ಬೇಡ ಬಿಡೇ, ಸೊಟ್ಟಗಾದ್ರೆ ಸೊಟ್ಟಗಾಗ್ಲಿ," ಎಂದಳು. ಆ ಮಾತು ಆ ಮನೆಯಲ್ಲಿ ಹೊಸದು. ಕಾರ್ಡು ಸೊಟ್ಟಗೇ ಆಯಿತು. ಮಡಿಕೆ ಒಂದು ಕಡೆ ಹೋದರೆ ಅಂಚು ಇನ್ನೊಂದು ಕಡೆ. ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಒಳಗೆ ಎಡಗೈಯ ಅಕ್ಷರದಲ್ಲಿ ಒಂದೇ ಮಾತು, ಸಾಲೆಂದು ಕರೆಯಲೂ ಸಾಲದು. ಯಾರೂ ಪೂರ್ತಿ ಕಾರ್ಡು ಮಾಡಬಾರದೆಂದವಳು ಮೊದಲ ಸಲ ತಾನೊಬ್ಬಳೇ ಪೂರ್ತಿ ಮಾಡಿದ್ದಳು.

"ಟೀಚರಮ್ಮನಿಗೆ ಕೊಟ್ಟು ಬಾ."

ಮೇಸ್ತ್ರಿ ಮತ್ತೆ ಆ ಮೆಟ್ಟಿಲು ಹತ್ತಿದ. ಈ ಸಲ ಉಸಿರು ಹಿಂದೆಯೇ ಉಳಿದಿತ್ತು. ಟೀಚರಮ್ಮ ಬಾಗಿಲಲ್ಲೇ ಕಾರ್ಡು ತಗೊಂಡು, ಸೊಟ್ಟ ಮಡಿಕೆಯ ಮೇಲೆ ಹೆಬ್ಬೆರಳು ಎಳೆದು, ಬಿಚ್ಚಿದರು. ಒಳಗೆ ಬರೆದಿತ್ತು: ಆತುರವಿಲ್ಲ.

ಆಕೆ ಅದನ್ನು ಓದಿ ಮೇಸ್ತ್ರಿಯ ಮುಖ ನೋಡಿದರು. ಮತ್ತೆ ಕಾರ್ಡು ನೋಡಿದರು.

"ಅದು ಅವತ್ತೇ ನೀವು ತಗೊಂಡು ಹೋದ್ರಲ್ಲ ಮೇಸ್ತ್ರಿ?"

ಮೇಸ್ತ್ರಿ ಕಂಬಿ ಹಿಡಿದು ಕೆಳಗೆ ಬೀದಿ ನೋಡುತ್ತಿದ್ದ.

"ಕಳೀತಾ?"

ಅವನು ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ.

"ಅಂಟು ಹಸಿ ಇತ್ತು," ಎಂದರು ಟೀಚರಮ್ಮ ತಮ್ಮಷ್ಟಕ್ಕೆ. ಕಟಿಂಗ್‌ನವನ ಕೈ, ಹಸಿ ಅಂಟು, ಇಷ್ಟು ದಿನದ ಮೌನ. ಮಕ್ಕಳ ಮುಖ ನೋಡಿಯೇ ಕಿಟಕಿಯ ಗಾಜು ಒಡೆದವನು ಯಾರೆಂದು ಹೇಳುತ್ತಿದ್ದ ಹೆಂಗಸು ಅವರು. "ನಾನೀಗ ನಿಮ್ಮಕ್ಕನಿಗೆ ಏನು ಹೇಳ್ಲಿ?"

"ಏನಾದ್ರೂ ಹೇಳ್ಕೊಳ್ಳಿ! ನನ್ನನ್ನ ಯಾಕೆ ಕೇಳ್ತೀರಿ!" ಅವನ ದನಿ ಓಣಿಗೆ ಕೇಳಿಸಿತು.

ಟೀಚರಮ್ಮ ಕಾರ್ಡು ಮುಚ್ಚಿದರು. ಸಿಟ್ಟಾಗಲಿಲ್ಲ. ಆಗಿದ್ದರೆ ಎಷ್ಟು ಚೆನ್ನಾಗಿತ್ತು!

"ನನ್ನ ಹತ್ರಾನೇ ಇರ್ಲಿ ಬಿಡಿ ಮೇಸ್ತ್ರಿ," ಎಂದರು. "ನಾನು ಇನ್ನೂ ಬರೀತಾ ಇದೀನಿ."

ಮೇಸ್ತ್ರಿ ಕ್ಷಮಿಸಲಾರದೆ ಉಳಿದದ್ದು ಇದನ್ನೇ. ಆಕೆ ಅವತ್ತೇ ಬಂದು ಅಕ್ಕನ ಮುಂದೆ ಎಲ್ಲ ಬಿಚ್ಚಿಟ್ಟಿದ್ದರೆ ಒಂದು ಕೂಗಾಟ, ಒಂದು ಹೊತ್ತಿನ ಊಟ ಬಿಡುವುದು, ಅಷ್ಟರಲ್ಲಿ ಮುಗಿಯುತ್ತಿತ್ತು. ಜಗಳವಾದರೆ ಅವನಿಗೆ ಗೊತ್ತು, ಹೇಗೆ ಶುರು ಮಾಡಬೇಕು, ಹೇಗೆ ಮುಗಿಸಬೇಕು. ಇದನ್ನು ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ.

ಮೇಜು ಮತ್ತೆ ಶುರುವಾಯಿತು. ಈಗ ಮಡಚುವುದು ಟೈಲರಮ್ಮ. ಅಕ್ಕ ಕೂತು ನೋಡುತ್ತಾಳೆ, ಹೂಂ ಎನ್ನುತ್ತಾಳೆ. ಎರಡನೆಯ ಹೂಂ ಅವಳ ಬಾಯಲ್ಲಿ ಈಚೆಗೆ ಅಪರೂಪ. ಮೇಸ್ತ್ರಿ ಪಾಳಿ ಇಲ್ಲದ ದಿನ ಪಕ್ಕದ ಕೋಣೆಯಲ್ಲಿ ಮಲಗಿ ಸೂರು ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ.

"ಟೀಚರಮ್ಮ, ಊರ ಮಕ್ಕಳಿಗೆಲ್ಲ ಪ್ರಬಂಧ ಬರೆಸಿದೋರು ನೀವು," ಎಂದು ನರ್ಸಮ್ಮ ಛೇಡಿಸುತ್ತಾಳೆ. "ಒಂದು ಸಾಲಿಗೆ ಇಷ್ಟು ವರ್ಷಾನಾ?"

"ಸೋಮಾರಿ ಕಣಮ್ಮ ನಾನು," ಎನ್ನುತ್ತಾರೆ ಟೀಚರಮ್ಮ.

"ಹುಷಾರಾಗಿ ಅಂತ ಬರೆಯೋಕೆ ಅಕ್ಕ ಮತ್ತೆ ಮಲಗ್ಬೇಕು ಈಗ!" ಟೈಲರಮ್ಮ ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅಕ್ಕನೂ ನಗುತ್ತಾಳೆ. ಟೀಚರಮ್ಮನೂ ನಗುತ್ತಾರೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಮೇಸ್ತ್ರಿ ಗೋಡೆಯ ಕಡೆ ಹೊರಳುತ್ತಾನೆ.

ಪ್ರೆಸ್ಸಿನ ಡಬ್ಬಿಯಲ್ಲಿ ನಟ್ಟು ಹುಡುಕುವಾಗ ಆ ಚೂರು ಬೆರಳಿಗೆ ತಾಗುತ್ತದೆ. ಎಸೆಯಲು ಒಂದೆರಡು ಸಲ ರದ್ದಿ ಬುಟ್ಟಿಯವರೆಗೂ ಹೋಗಿ ಬಂದಿದ್ದಾನೆ. ಎಣ್ಣೆ ಹತ್ತಿ ನೀಲಿ ಪರದೆ ಕಪ್ಪಾಗಿದೆ. ಅಂಚು ಮಾತ್ರ ಇನ್ನೂ ನೇರ.

ಮೊನ್ನೆ ಸುಣ್ಣ ಬಳಿದಾಗ ಹೆಂಡತಿ ಅಕ್ಕನ ಕೋಣೆ ಜೋಡಿಸುತ್ತಿದ್ದಳು. ಬಿಪಿ ಮಾತ್ರೆ, ಮುಲಾಮು, ಕನ್ನಡಕದ ಪೆಟ್ಟಿಗೆ ಎಲ್ಲ ನೆಲದ ಮೇಲೆ ಹರಡಿದ್ದವು.

"ಅತ್ತಿಗೆ, ಇದನ್ನೆಲ್ಲ ತಲೆದೆಸೆ ಗೂಡಲ್ಲಿಟ್ಟುಬಿಡ್ಲಾ? ಸುಮ್ನೆ ಖಾಲಿ ಬಿದ್ದಿದೆ."

ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಮೇಸ್ತ್ರಿಯ ಕಾಲು ಅಲ್ಲೇ ನಿಂತಿತು.

"ಬೇಡ ಕಣೇ," ಎಂದಳು ಅಕ್ಕ. "ಅಲ್ಲಿಗೆ ಒಂದು ಬರೋದಿದೆ."